ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ಮಹಾಡ್ ಕೆರೆಯ ಚರಿತ್ರೆ ಮುಂದಾಳುಗಳಿಗೆ ಹೇಳುವ ಮಾತು

ಚಳವಳಿಗಳ ಚರಿತ್ರೆಯನ್ನು ಎರಡು ಥರ ಬರೆಯುತ್ತಾರೆ. ಒಬ್ಬ ಮಹಾಪುರುಷ ಬಂದ, ಮಾತಾಡಿದ, ಸತ್ತಂತೆ ಬಿದ್ದಿದ್ದ ಜನ ದಡಕ್ಕನೆ ಎದ್ದು ನಿಂತರು ಅನ್ನುವುದು ಒಂದು ಥರ. ಇದು ಪುರಾಣ. ಜನ ತಾವಾಗಿಯೇ ಎದ್ದರು, ನಾಯಕ ಅನ್ನುವವನು ಅಲೆಯ ಮೇಲಿನ ನೊರೆ ಅನ್ನುವುದು ಇನ್ನೊಂದು ಥರ. ಇದು ಕೇಳಲು ಚೆಂದ. ಆದರೆ ಹಳ್ಳಿಯಲ್ಲಿ ಒಂದು ಸಂಘ ಕಟ್ಟಲು ಹೋದವರಿಗೆ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಸಂಘ ಕಟ್ಟಲು ಹೋದವರ ಪ್ರಶ್ನೆ ಬೇರೆ. ಭಾಷಣದ ದಿನ ಐನೂರು ಜನ ಸೇರುತ್ತಾರೆ. ಮುಂದಿನ ವಾರ ತಾಲ್ಲೂಕು ಕಚೇರಿಗೆ ಹೋಗೋಣ ಅಂದರೆ ಐದು ಜನ ಬರುವುದಿಲ್ಲ. ಲಾರಿ ಕಳಿಸಿ ಊಟ ಹಾಕಿಸಿದರೆ ಬರುತ್ತಾರೆ. ಲಾರಿ ನಿಂತರೆ ಚಳವಳಿಯೂ ನಿಲ್ಲುತ್ತದೆ. ನಾಯಕ ಊರಲ್ಲಿದ್ದಾಗ ಕಿಚ್ಚು, ಅವನು ಬಸ್ಸು ಹತ್ತಿದ ಮೇಲೆ ಬೂದಿ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅಂತ ನಮ್ಮ ಹಿರಿಯರು ಕೇಳಿದ್ದು ಇದನ್ನೇ. ಹಾಗಾದರೆ ಯಾರ ಭಯಕ್ಕೂ ಬಗ್ಗದೆ, ಯಾವ ಆಸೆಗೂ ಬೀಳದೆ, ತಮ್ಮೊಳಗಿನ ಒತ್ತಾಸೆಯಿಂದಲೇ ಜನ ಒಂದು ಕೆಲಸಕ್ಕೆ ನಿಲ್ಲುವುದು ಯಾವಾಗ? ಹಾಗೆ ನಿಲ್ಲುವಂತಾಗಲು ಮುಂದಾಳು ಏನು ಮಾಡಬೇಕು? ಏನು ಮಾಡಬಾರದು?

ಇದಕ್ಕೆ ಉತ್ತರ ಹುಡುಕಲು ಕಂಪನಿಗಳ ಮ್ಯಾನೇಜರುಗಳು ಓದುವ ಪುಸ್ತಕ ತೆರೆಯಬೇಕಾಗಿಲ್ಲ. ಅಂದಿನ ಕೊಲಾಬಾ ಜಿಲ್ಲೆಯ, ಇಂದಿನ ರಾಯಗಡ ಜಿಲ್ಲೆಯ, ಮಹಾಡ್ ಎಂಬ ಕೊಂಕಣದ ಪೇಟೆಯಲ್ಲಿ 1927ರಲ್ಲಿ ನಡೆದದ್ದನ್ನು ನಿಧಾನವಾಗಿ ಓದಿಕೊಂಡರೆ ಸಾಕು. ಚೌದಾರ್ ಕೆರೆಯ ನೀರು ಮುಟ್ಟಿದ ಕಥೆ ಎಲ್ಲರಿಗೂ ಗೊತ್ತು. ಪ್ರತಿ ಏಪ್ರಿಲ್ 14ಕ್ಕೆ ವೇದಿಕೆಯ ಮೇಲೆ ಹೇಳುತ್ತಾರೆ. ಆದರೆ ಆ ಒಂದು ಬೊಗಸೆ ನೀರಿನ ಹಿಂದೆ ಬಾಬಾಸಾಹೇಬರು ತಮ್ಮ ಜನರ ಜೊತೆ ನಡೆದುಕೊಂಡ ರೀತಿಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಅದನ್ನು.

ಎಂಜಲು ಮತ್ತು ಬಾರುಕೋಲು

ಮನುಷ್ಯರನ್ನು ದುಡಿಸಿಕೊಳ್ಳುವ ವಿದ್ಯೆ ಊರಿಗೂ ಗೊತ್ತಿತ್ತು. ಮೊದಲು ಅದನ್ನು ನೋಡಬೇಕು.

ಮರಾಠಿ ಸೀಮೆಯ ಮಹಾರರು ವತನದಾರರು. ಹೆಸರು ಕೇಳಿದರೆ ದೊಡ್ಡದು. ಕೆಲಸ ನೋಡಿದರೆ ಹಗಲು ರಾತ್ರಿ ಅನ್ನದೆ ಸರ್ಕಾರದ ಕರೆಗೆ, ಊರಿನ ಕರೆಗೆ ಓಡುವುದು. ಪಟೇಲನ ಕಾಗದ ಮುಂದಿನ ಊರಿಗೆ ಮುಟ್ಟಿಸುವುದು, ಬಂದ ಅಧಿಕಾರಿಯ ಗಂಟು ಹೊರುವುದು, ಗಡಿ ತೋರಿಸುವುದು, ಸಾವಿನ ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು. ಕರೆದಾಗ ಮನೆಯ ಯಜಮಾನ ಇಲ್ಲದಿದ್ದರೆ ಮನೆಯಲ್ಲಿದ್ದ ಇನ್ನೊಬ್ಬರು ಹೋಗಲೇಬೇಕು. ಇದಕ್ಕೆ ಪ್ರತಿಯಾಗಿ ಒಂದು ತುಂಡು ಇನಾಮು ನೆಲ, ಸುಗ್ಗಿಯಲ್ಲಿ ಬಲುತೆ ಅನ್ನುವ ಕಾಳು, ಹಬ್ಬ ಮದುವೆಗಳಲ್ಲಿ ಮಿಕ್ಕ ಎಂಜಲು. ನಮ್ಮ ಸೀಮೆಯಲ್ಲಿ ಕುಳವಾಡಿ, ತೋಟಿ, ತಳವಾರ, ನೀರಗಂಟಿ ಅಂತ ಕರೆದು ಕಣದಲ್ಲಿ ಆಯ ಅಳೆದು ಹಾಕುತ್ತಿದ್ದರಲ್ಲ, ಅದೇ ಬಳ್ಳಿಯ ಕಾಯಿ.

ಒಂದು ಕೈಯಲ್ಲಿ ಎಂಜಲು, ಇನ್ನೊಂದು ಕೈಯಲ್ಲಿ ಬಾರುಕೋಲು. ಊರಿನ ಆಡಳಿತಶಾಸ್ತ್ರ ಇಷ್ಟೇ. ಬಾರುಕೋಲಿನ ಕ್ರೌರ್ಯ ಕಣ್ಣಿಗೆ ಕಾಣುತ್ತದೆ. ಎಂಜಲಿನ ಕ್ರೌರ್ಯ ಕಾಣುವುದಿಲ್ಲ. ತಲೆಮಾರುಗಳು ಕಳೆದಂತೆ ಆ ಎಂಜಲೇ 'ನಮ್ಮ ಹಕ್ಕು' ಅಂತ ಕೇರಿಯವರ ಬಾಯಲ್ಲೇ ಬರುತ್ತದೆ. ಸತ್ತ ದನದ ಪಾಲಿಗೆ, ಕಣದ ಕಾಳಿಗೆ ಕೇರಿಯೊಳಗೇ ಜಗಳ ಹತ್ತುತ್ತದೆ. ತನ್ನನ್ನು ಕಟ್ಟಿದ ಹಗ್ಗವನ್ನು ತಾನೇ ಜೋಪಾನ ಮಾಡುವ ಹಾಗೆ ಮನುಷ್ಯ ತಯಾರಾಗುತ್ತಾನೆ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದಾಗ ಜಮೀನುಳ್ಳವರ ವಿರೋಧ ಇದ್ದದ್ದು ಸರಿಯೇ. ವತನ ಹೋದರೆ ಇರುವ ತುಂಡು ನೆಲವೂ ಹೋದೀತು ಎಂಬ ಅಂಜಿಕೆ ಕೇರಿಯೊಳಗೂ ಇತ್ತು. ಮಸೂದೆಯನ್ನು ಅವರು ವಾಪಸು ಪಡೆಯಬೇಕಾಯಿತು. ಆ ವತನಗಳು ಕಾಯ್ದೆಯಿಂದ ರದ್ದಾಗಲು 1958 ಬರಬೇಕಾಯಿತು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಆಸೆ ತೋರಿಸಿ, ಹೆದರಿಸಿ ಜನರನ್ನು ನಡೆಸುವ ಮುಂದಾಳು ಯಾವ ಬಣ್ಣದ ಬಾವುಟ ಹಿಡಿದರೂ ಅವನು ಕಟ್ಟುವುದು ಇನ್ನೊಂದು ಚಾವಡಿಯನ್ನೇ. ಅಂಬೇಡ್ಕರರ ಮುಂದೆ ಇದ್ದ ಪ್ರಶ್ನೆ, ಎಂಜಲಿನಿಂದಲೂ ಏಟಿನಿಂದಲೂ ಮಾತ್ರ ಕದಲುವಂತೆ ಪಳಗಿಸಿದ ಜನ ತಮ್ಮ ಮನಸ್ಸಿನಿಂದ ಕದಲುವಂತೆ ಆಗುವುದು ಹೇಗೆ ಅನ್ನುವುದು.

ಕೆಂಡ ಮೊದಲೇ ಇತ್ತು

ಮಹಾಡ್ ಬರಡು ನೆಲವಾಗಿರಲಿಲ್ಲ. ಅದರ ಸುತ್ತಮುತ್ತಲ ಹಳ್ಳಿಗಳಲ್ಲಿ ಬ್ರಿಟಿಷ್ ಸೈನ್ಯದಲ್ಲಿ ದುಡಿದು ಪಿಂಚಣಿ ಪಡೆದು ಬಂದ ಮಹಾರರು ಬಹಳ ಮಂದಿ ಇದ್ದರು. ಓದು ಬರಹ ಕಲಿತವರು, ಬಂದೂಕು ಹಿಡಿದವರು, ಊರಿಗೆ ಬಂದಾಗ ಮತ್ತೆ ದೂರ ನಿಲ್ಲಬೇಕಾಗಿ ಬಂದವರು. ಮಹಾಡಿಗೆ ಹತ್ತಿರದ ರಾವದಾಳದ ಗೋಪಾಲಬಾಬಾ ವಲಂಗಕರ್ ಅಂಥ ಸೈನಿಕ. ನಿವೃತ್ತನಾಗಿ ಬಂದು 1888ರಷ್ಟು ಹಿಂದೆಯೇ ಮೈಲಿಗೆಯ ಶಾಸ್ತ್ರವನ್ನು ಪ್ರಶ್ನಿಸಿ 'ವಿಟಾಳ ವಿಧ್ವಂಸನ' ಎಂಬ ಪುಸ್ತಿಕೆ ಬರೆದ. ಅಂಬೇಡ್ಕರ್ ಹುಟ್ಟಿದ್ದು 1891ರಲ್ಲಿ. ಅಂದರೆ ನಾಯಕ ಹುಟ್ಟುವ ಮೊದಲೇ ಪ್ರಶ್ನೆ ಹುಟ್ಟಿತ್ತು.

ರಾಮಚಂದ್ರ ಬಾಬಾಜಿ ಮೋರೆ ಇನ್ನೊಬ್ಬ. ಮಹಾಡ್ ಪಕ್ಕದ ಲಾಡವಲಿಯ ಹುಡುಗ, ಹುಟ್ಟಿದ್ದು 1903ರಲ್ಲಿ. ವಿದ್ಯಾರ್ಥಿವೇತನದ ಪರೀಕ್ಷೆ ಪಾಸು ಮಾಡಿ ಬಂದರೂ ಮಹಾಡಿನ ಇಂಗ್ಲಿಷ್ ಶಾಲೆ ಸೇರಿಸಿಕೊಳ್ಳಲಿಲ್ಲ. ಹುಡುಗ ಅಳುತ್ತ ಕೂರಲಿಲ್ಲ. ಕಾಗದ ಬರೆದು ದೂರು ಕೊಟ್ಟು ಶಾಲೆ ಸೇರಿದ. ಅಂಬೇಡ್ಕರರನ್ನು ಮಹಾಡಿಗೆ ಕರೆಸಬೇಕು, ಇಲ್ಲೊಂದು ಪರಿಷತ್ತು ಆಗಬೇಕು ಅಂತ ಬೆನ್ನು ಬಿದ್ದವರಲ್ಲಿ ಮುಂದೆ ನಿಂತವನು ಇವನೇ. ಪರಿಷತ್ತು ನಡೆದಾಗ ಅವನಿಗೆ 24 ವರ್ಷ. ಜೊತೆಗೆ ಸುರೇಂದ್ರನಾಥ ಟಿಪ್ನೀಸ್, ಅನಂತರಾವ್ ಚಿತ್ರೆ ಥರದ ಕಾಯಸ್ಥ ಗೆಳೆಯರಿದ್ದರು. ಮುಂದೆ ಮೋರೆ ಕಮ್ಯುನಿಸ್ಟ್ ಪಕ್ಷ ಸೇರಿದ. ಅಂಬೇಡ್ಕರರ ಮೇಲಿನ ಅವನ ಗೌರವ ಕಡಿಮೆಯಾಗಲಿಲ್ಲ. ಒಬ್ಬ ಮುಂದಾಳಿನ ಕೈಕೆಳಗೆ ಬೆಳೆದವನು ತನ್ನ ತಲೆಯಿಂದಲೇ ಯೋಚಿಸುವವನಾಗಿ ಬೆಳೆದ ಅನ್ನುವುದನ್ನು ನಾವು ಗಮನಿಸಬೇಕು.

ಕಾಗದದ ಮೇಲೆ ಹಕ್ಕು ಕೂಡ ಬಂದಾಗಿತ್ತು. ಸಾರ್ವಜನಿಕ ಬಾವಿ, ಕೆರೆ, ಶಾಲೆ, ಧರ್ಮಛತ್ರಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬಯಿ ಶಾಸನ ಪರಿಷತ್ತು 1923ರ ಆಗಸ್ಟ್‌ನಲ್ಲಿ ಒಪ್ಪಿತ್ತು. ಮಹಾಡ್ ಪುರಸಭೆ 1924ರಲ್ಲಿ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ನಿರ್ಣಯ ಮಾಡಿತ್ತು. ಆದರೂ ಒಂದು ನರಪಿಳ್ಳೆ ಕೆರೆಗೆ ಇಳಿಯಲಿಲ್ಲ. ಹಕ್ಕು ಇತ್ತು, ನೀರಿತ್ತು, ಬಾಯಾರಿಕೆಯೂ ಇತ್ತು. ನಡುವೆ ಏನಿರಲಿಲ್ಲ? ನಾವು ಇಳಿಯಬಹುದು, ನಾವೇ ಇಳಿಯಬೇಕು ಅನ್ನುವ ಒಂದು ಒಳಮಾತು ಇರಲಿಲ್ಲ. ಕಾಯ್ದೆ ಅದನ್ನು ಕೊಡಲಾರದು. ಕಾಯ್ದೆ ಬಾಗಿಲು ತೆರೆದಿಡಬಹುದು, ಹೊಸ್ತಿಲು ದಾಟಿಸುವ ಕಾಲು ಮನುಷ್ಯನದೇ ಆಗಬೇಕು.

ಬುತ್ತಿ ಕಟ್ಟಿಕೊಂಡು ಬಂದವರು

1927ರ ಮಾರ್ಚ್ 19 ಮತ್ತು 20ರಂದು ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ಮಹಾಡಿನಲ್ಲಿ ಕೂಡಿತು. ಹದಿನೈದರ ಹುಡುಗರಿಂದ ಎಪ್ಪತ್ತರ ಮುದುಕರ ತನಕ ಜನ ಬಂದರು. ನೂರು ಮೈಲಿಗೂ ಹೆಚ್ಚು ದೂರದಿಂದ, ಹೆಗಲ ಮೇಲೆ ರೊಟ್ಟಿಯ ಗಂಟು ಹೊತ್ತುಕೊಂಡು ಬಂದವರೂ ಇದ್ದರು. ಅವರನ್ನು ಕರೆತರಲು ಯಾರೂ ಬಂಡಿ ಕಳಿಸಿರಲಿಲ್ಲ. ಪರಿಷತ್ತಿಗೆ ಬೇಕಾದ ಕುಡಿಯುವ ನೀರನ್ನು ಸವರ್ಣೀಯರಿಂದ ಕೊಳ್ಳಬೇಕಾಗಿತ್ತು. ಅದಕ್ಕೆ ಆದ ಖರ್ಚು 40 ರೂಪಾಯಿ. ಕಣ್ಣೆದುರಿಗೆ ಊರಿನ ಕೆರೆ ತುಂಬಿ ನಿಂತಿದ್ದಾಗ ನೀರಿಗೆ ದುಡ್ಡು ಕೊಟ್ಟ ಆ ಜನಕ್ಕೆ ಅಸ್ಪೃಶ್ಯತೆ ಅಂದರೇನು ಅಂತ ಯಾವ ಪಂಡಿತನೂ ವಿವರಿಸಬೇಕಾಗಿರಲಿಲ್ಲ.

ಇನ್ನೂ 36 ತುಂಬದ ಅಂಬೇಡ್ಕರ್ ಅಧ್ಯಕ್ಷರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ. ಅವರು ಅಂದು ಏನು ಮಾತಾಡಿದರು ಅನ್ನುವುದು ಮುಖ್ಯ. ಸರ್ಕಾರದಿಂದ ಇದನ್ನು ತಂದುಕೊಡುತ್ತೇನೆ, ಅದನ್ನು ಕೊಡಿಸುತ್ತೇನೆ ಅನ್ನಲಿಲ್ಲ. ಸತ್ತ ದನದ ಮಾಂಸ ಬಿಡಿ, ಎಂಜಲಿಗೆ ಕೈ ಚಾಚುವುದನ್ನು ಬಿಡಿ, ಭೂಮಿ ಹುಡುಕಿ ಬೇಸಾಯಕ್ಕೆ ಇಳಿಯಿರಿ, ಮಕ್ಕಳನ್ನು ಓದಿಸಿ ಅಂದರು. ತಮ್ಮ ಮಕ್ಕಳು ತಮಗಿಂತ ಚೆನ್ನಾಗಿ ಬಾಳಲಿ ಅಂತ ಬಯಸದ ತಂದೆತಾಯಿಗೂ ಪಶುವಿಗೂ ಏನು ವ್ಯತ್ಯಾಸ ಅಂತ ನೇರವಾಗಿ ಕೇಳಿದರು. ಇವು ಬಿರುಸಾದ ಮಾತು. ಆದರೆ ಇವುಗಳ ಒಳಗೆ ಒಂದು ನಂಬಿಕೆ ಇದೆ. ಕೇಳುತ್ತಿರುವವನು ಬದಲಾಗಬಲ್ಲ, ಅವನ ಕೈಯಲ್ಲೇ ಏನೋ ಇದೆ ಅನ್ನುವ ನಂಬಿಕೆ. ಕನಿಕರದ ಭಾಷಣದಲ್ಲಿ ಈ ನಂಬಿಕೆ ಇರುವುದಿಲ್ಲ. ಕನಿಕರ ಮನುಷ್ಯನನ್ನು ಕೂತಲ್ಲೇ ಕೂರಿಸುತ್ತದೆ.

ಎರಡನೆಯ ದಿನ, ಪರಿಷತ್ತು ಮುಗಿಯುವ ಹೊತ್ತಿಗೆ, ಈಗಲೇ ಕೆರೆಗೆ ಹೋಗಿ ನೀರು ಮುಟ್ಟೋಣ ಎಂಬ ಮಾತನ್ನು ಚಿತ್ರೆ ಎತ್ತಿದರು. ಸಭೆ ಎದ್ದಿತು. ಎರಡೂವರೆ ಸಾವಿರದಷ್ಟು ಜನ ಸಾಲಾಗಿ ಪೇಟೆಯ ಬೀದಿಯಲ್ಲಿ ನಡೆದು ಕೆರೆಗೆ ಹೋದರು. ಅಂಬೇಡ್ಕರ್ ಮೊದಲು ಬೊಗಸೆ ಒಡ್ಡಿ ಕುಡಿದರು. ಆಮೇಲೆ ಎಲ್ಲರೂ ಕುಡಿದರು. ಮೊದಲ ಬೊಗಸೆ ಮುಂದಾಳಿನದು ಅನ್ನುವುದು ಸಣ್ಣ ಸಂಗತಿಯಲ್ಲ. ಏಟು ಬೀಳುವುದಾದರೆ ಅದು ಮೊದಲು ಯಾರ ತಲೆಗೆ ಬೀಳಬೇಕು ಅನ್ನುವುದನ್ನು ಅದು ಹೇಳುತ್ತದೆ. ಉಳಿದ ಸಾವಿರಾರು ಬೊಗಸೆಗಳು ಅವರವರದೇ. ಒಬ್ಬರ ನೀರನ್ನು ಇನ್ನೊಬ್ಬರು ಕುಡಿಯಲಾಗುವುದಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಈ ಥರದ ಹೋರಾಟವನ್ನು ಆಡಿಕೊಳ್ಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಕೆರೆಯ ನೀರಿಲ್ಲದೆ ಮಹಾಡಿನ ಅಸ್ಪೃಶ್ಯರೇನೂ ಸತ್ತುಹೋಗಿರಲಿಲ್ಲ. ಅಂಬೇಡ್ಕರರೇ ಅದೇ ಡಿಸೆಂಬರಿನಲ್ಲಿ ಇದನ್ನು ಒಪ್ಪಿ ಹೇಳಿದರು: ಈ ನೀರು ಕುಡಿದರೆ ನಾವು ಅಮರರಾಗುವುದೂ ಇಲ್ಲ, ಕುಡಿಯದೆ ಸಾಯುವುದೂ ಇಲ್ಲ, ಎಲ್ಲರಂತೆ ನಾವೂ ಮನುಷ್ಯರು ಅಂತ ತೋರಿಸಲು ಹೋಗುತ್ತಿದ್ದೇವೆ ಎಂಬ ಅರ್ಥದ ಮಾತು ಅದು. ಕಾಳಿನ ಆಸೆಗೆ ಬಂದವನನ್ನು ಇನ್ನೊಬ್ಬ ಒಂದು ಸೇರು ಹೆಚ್ಚು ಕೊಟ್ಟು ಕರೆದೊಯ್ಯಬಹುದು. ಮನುಷ್ಯ ಅನ್ನಿಸಿಕೊಳ್ಳಲು ಬಂದವನನ್ನು ಕೊಳ್ಳಲು ಯಾವ ಸೇರಿನ ಅಳತೆಯೂ ಸಾಲದು.

ಎತ್ತಿದ ಕೈ ತಡೆದದ್ದು

ನೀರು ಮುಟ್ಟಿ ಜನ ವಾಪಸು ಬಂದು ಊಟಕ್ಕೆ ಕೂತಿದ್ದರು. ಹೊಲೆಯರು ಇನ್ನು ವೀರೇಶ್ವರ ದೇವಸ್ಥಾನಕ್ಕೆ ನುಗ್ಗುತ್ತಾರೆ ಅಂತ ಪೇಟೆಯಲ್ಲಿ ಸುಳ್ಳು ಸುದ್ದಿ ಹಬ್ಬಿಸಿದರು. ದೊಣ್ಣೆ ಹಿಡಿದ ಗುಂಪು ಚಪ್ಪರಕ್ಕೆ ನುಗ್ಗಿ ಹೊಡೆಯಿತು. ಅನ್ನ ಮಣ್ಣಾಯಿತು. ಒಬ್ಬೊಬ್ಬರಾಗಿ ಹಳ್ಳಿಗೆ ಮರಳುತ್ತಿದ್ದವರನ್ನೂ ದಾರಿಯಲ್ಲಿ ಹಿಡಿದು ಬಡಿದರು. ಓಡಿ ಬಂದ ಕೆಲವರಿಗೆ ಮುಸ್ಲಿಮರ ಮನೆಗಳಲ್ಲಿ ಆಸರೆ ಸಿಕ್ಕಿತು.

ಅಂಬೇಡ್ಕರ್ ತಂಗಿದ್ದ ಬಂಗಲೆಯಲ್ಲಿ ಜನ ಸೇರಿದರು. ಕಣ್ಣಲ್ಲಿ ಬೆಂಕಿ. ಅವರಲ್ಲಿ ಸೈನ್ಯದಲ್ಲಿ ಪಳಗಿದ ಕೈಗಳಿದ್ದವು. ಹೂಂ ಅಂದಿದ್ದರೆ ಮಹಾಡಿನಲ್ಲಿ ಅಂದು ರಕ್ತ ಹರಿಯುತ್ತಿತ್ತು. ಅಂಬೇಡ್ಕರ್ ಹೂಂ ಅನ್ನಲಿಲ್ಲ. ಕೈ ತಡೆಯಿರಿ, ಕಾಯ್ದೆ ಮೀರಬೇಡಿ ಅಂದರು. ಜನ ತಡೆದರು. ಹಲ್ಲೆ ಮಾಡಿದವರ ಮೇಲೆ ಮೊಕದ್ದಮೆ ನಡೆದು ಐವರಿಗೆ ನಾಲ್ಕು ತಿಂಗಳ ಕಠಿಣ ಶಿಕ್ಷೆಯಾಯಿತು.

ಒಳಗಿನ ಕಿಚ್ಚು ಅಂದ ಕೂಡಲೇ ಎಲ್ಲವನ್ನೂ ಸುಡುವ ಬೆಂಕಿ ಅಂತ ತಿಳಿಯುವವರಿದ್ದಾರೆ. ಹೊಡೆಸಿಕೊಂಡವನು ತಿರುಗಿ ಹೊಡೆಯುವುದು ಸಹಜ. ಆದರೆ ಅಲ್ಲೂ ಅವನನ್ನು ಕುಣಿಸುತ್ತಿರುವುದು ಹೊಡೆದವನ ಕೈಯೇ. ಯಾವಾಗ ಏಳಬೇಕು, ಯಾವಾಗ ನಿಲ್ಲಬೇಕು ಅಂತ ತಾನು ತೀರ್ಮಾನಿಸುವವನು ಮಾತ್ರ ಸ್ವತಂತ್ರ. ಇನ್ನೊಂದು ಮಾತು. ಆ ಜನ ಮುಂದಾಳಿನ ಮಾತು ಕೇಳಿದ್ದು ಅವನಿಗೆ ಹೆದರಿ ಅಲ್ಲ. ಎರಡು ದಿನ ಅವನು ತಮ್ಮ ಸರಿಸಮಕ್ಕೆ ನಿಂತು ಮಾತಾಡಿದ್ದನ್ನು ಕಂಡಿದ್ದರು, ಮೊದಲ ಬೊಗಸೆ ಯಾರದು ಅನ್ನುವುದನ್ನೂ ಕಂಡಿದ್ದರು.

ಇತ್ತ ಪುರೋಹಿತರು 108 ಕೊಡ ನೀರು ಎತ್ತಿ, ಸಗಣಿ ಗಂಜಳ ಹಾಲು ಮೊಸರು ಬೆರೆಸಿ ಮಂತ್ರ ಹೇಳಿ ಕೆರೆಯನ್ನು 'ಶುದ್ಧ' ಮಾಡಿದರು. ಮನುಷ್ಯ ಮುಟ್ಟಿದ ಮೈಲಿಗೆಯನ್ನು ದನದ ಗಂಜಳದಿಂದ ತೊಳೆದ ಈ ಕಥೆ ಹಳ್ಳಿ ಹಳ್ಳಿಗೆ ಮುಟ್ಟಿತು. ಆಗಸ್ಟ್ 4ರಂದು ಪುರಸಭೆ ತನ್ನ ಹಳೆಯ ನಿರ್ಣಯವನ್ನೇ ರದ್ದು ಮಾಡಿತು.

ಅಂಬೇಡ್ಕರ್ ಆಗ ಮಾಡಿದ ಮುಖ್ಯ ಕೆಲಸ ಪತ್ರಿಕೆಯದು. 1920ರಲ್ಲಿ 'ಮೂಕನಾಯಕ' ತೆಗೆದಿದ್ದರು. ಅದು ಬಹಳ ದಿನ ನಡೆದಿರಲಿಲ್ಲ. 1927ರ ಏಪ್ರಿಲ್ 3ರಂದು 'ಬಹಿಷ್ಕೃತ ಭಾರತ' ಪಾಕ್ಷಿಕ ಶುರು ಮಾಡಿದರು. ಬಹುಪಾಲು ಬರವಣಿಗೆ ಅವರದೇ. ಮಹಾಡಿನಲ್ಲಿ ನಡೆದದ್ದೇನು, ಯಾಕೆ ನಡೆಯಿತು, ಮುಂದೇನು ಅಂತ ತಮ್ಮ ಜನರಿಗೆ ಅವರದೇ ಮರಾಠಿಯಲ್ಲಿ ಸಂಚಿಕೆಯಿಂದ ಸಂಚಿಕೆಗೆ ಬಿಡಿಸಿ ಹೇಳಿದರು. ಓದು ಬಾರದವರಿಗೆ ಓದು ಬಂದವರು ಓದಿ ಹೇಳಿದರು. ಕಾರಣ ತಿಳಿಯದೆ ನಡೆಯುವವನು ಕೂಲಿ. ಕಾರಣ ತಿಳಿದು ನಡೆಯುವವನು ಸಂಗಾತಿ. ಈ ವ್ಯತ್ಯಾಸ ಮಾಡುವ ಕೆಲಸವನ್ನು ಒಂದು ಪುಟ್ಟ ಪತ್ರಿಕೆ ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತೀರ್ಮಾನ ಯಾರದು?

ಡಿಸೆಂಬರಿನಲ್ಲಿ ಮತ್ತೆ ಮಹಾಡ್. ಈ ಸಲ ಸತ್ಯಾಗ್ರಹ ಅಂತಲೇ ಸಾರಿದ್ದರು. ಪರಿಷತ್ತಿಗೆ ಜಾಗ ಕೊಡಲು ಹಿಂದೂಗಳು ಒಪ್ಪಲಿಲ್ಲ. ಫತೇಖಾನ್ ಎಂಬ ಮುಸ್ಲಿಮರು ತಮ್ಮ ನೆಲ ಕೊಟ್ಟರು. ಬಸ್ಸು ಸಿಗುವ ನಂಬಿಕೆಯಿಲ್ಲದೆ ಅಂಬೇಡ್ಕರ್ ಮತ್ತು ಸಂಗಡಿಗರು ಮುಂಬಯಿಯಿಂದ 'ಪದ್ಮಾವತಿ' ಎಂಬ ಹಡಗಿನಲ್ಲಿ ದಾಸಗಾಂವ್ ತನಕ ಬಂದು ಅಲ್ಲಿಂದ ಮಹಾಡಿಗೆ ನಡೆದರು. ಬ್ರಾಹ್ಮಣೇತರ ಪಕ್ಷದ ಜೇಧೆ, ಜವಳಕರ್ ಬೆಂಬಲ ಕೊಡಲು ಮುಂದೆ ಬಂದಿದ್ದರು. ಅವರದೊಂದು ಷರತ್ತು, ಹೋರಾಟದಲ್ಲಿ ಬ್ರಾಹ್ಮಣರು ಯಾರೂ ಇರಕೂಡದು. ಅಂಬೇಡ್ಕರ್ ಒಪ್ಪಲಿಲ್ಲ. ನಮ್ಮ ಜಗಳ ಬ್ರಾಹ್ಮಣ್ಯದ ಜೊತೆ ಅಂದರು. ದೊಡ್ಡ ಬೆಂಬಲ ಸಿಗುತ್ತದೆ ಅಂತ ತತ್ವದ ಬಾಲ ಕತ್ತರಿಸಿದರೆ ಮೊದಲು ಒಣಗುವುದು ಕಾರ್ಯಕರ್ತನ ಮನಸ್ಸು ಅನ್ನುವುದು ಅವರಿಗೆ ಗೊತ್ತಿತ್ತು.

ಡಿಸೆಂಬರ್ 25ರ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಅದನ್ನು ಸುಡಬೇಕೆಂಬ ಗೊತ್ತುವಳಿ ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಸ್ವಯಂಸೇವಕರು ಒಂದು ಪ್ರಮಾಣವನ್ನೂ ಮಾಡಿದ್ದರು. ಹುಟ್ಟಿನ ಚಾತುರ್ವರ್ಣ್ಯವನ್ನು ನಂಬುವುದಿಲ್ಲ, ಜಾತಿ ಭೇದ ನಂಬುವುದಿಲ್ಲ, ಊಟ ನೀರಿನಲ್ಲಿ ಭೇದ ಮಾಡುವುದಿಲ್ಲ, ಕೆರೆ ಶಾಲೆ ದೇವಸ್ಥಾನಗಳಲ್ಲಿ ಎಲ್ಲರಿಗೂ ಸಮಾನ ಹಕ್ಕಿದೆ ಅನ್ನುವ ಅರ್ಥದ್ದು. ಆ ಪ್ರಮಾಣದಲ್ಲಿ ನಾಯಕನಿಗೆ ವಿಧೇಯನಾಗಿರುತ್ತೇನೆ ಅನ್ನುವ ಸಾಲಿಲ್ಲ.

ಅಷ್ಟರಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ ಕೆರೆ ಖಾಸಗಿ ಅಂತ ದಾವೆ ಹೂಡಿ ತಡೆಯಾಜ್ಞೆ ತಂದಿದ್ದರು. ಕೆರೆಗೆ ಹೋದರೆ ಎದುರಾಗುವುದು ದೊಣ್ಣೆಯವರಷ್ಟೇ ಅಲ್ಲ, ಸರ್ಕಾರವೂ ಹೌದು. ಹೋಗಬೇಕೋ ಬೇಡವೋ? ಅಂಬೇಡ್ಕರ್ ಈ ಪ್ರಶ್ನೆಯನ್ನು ಸಭೆಯ ಮುಂದೆ ಇಟ್ಟರು. ಪರವಾಗಿಯೂ ವಿರೋಧವಾಗಿಯೂ ಮಾತಾಡಲು ಬಿಟ್ಟರು. ಜೈಲಿಗೆ ಹೋಗಲು ಸಿದ್ಧರಿರುವವರು ಹೆಸರು ಬರೆಸಿ ಅಂದರು. ನಾಲ್ಕು ಸಾವಿರಕ್ಕೆ ಹತ್ತಿರ ಹತ್ತಿರ ಜನ ಬರೆಸಿದರು. ಹೆಸರು ಬರೆಸುವುದು ಅಂದರೆ ಅವರಲ್ಲಿ ಬಹಳ ಮಂದಿಗೆ ಬದುಕಿನಲ್ಲಿ ಮೊದಲ ಸಲ ತಮ್ಮ ಹೆಸರನ್ನು ತಮ್ಮ ಇಚ್ಛೆಯಿಂದ ಒಂದು ಪಟ್ಟಿಗೆ ಸೇರಿಸುವುದು. ಊರಿನ ಪಟ್ಟಿಯಲ್ಲಿ ಅವರಿದ್ದದ್ದು ಬಿಟ್ಟಿ ಚಾಕರಿಗೆ.

ಮಾರನೆಯ ದಿನ ಕಲೆಕ್ಟರನೇ ಸಭೆಗೆ ಬಂದು ಮಾತಾಡಿದ. ಸಂಗಡಿಗರ ಜೊತೆ ಚರ್ಚೆಯಾಯಿತು. ಕೋರ್ಟಿನ ತೀರ್ಪು ಬರುವ ತನಕ ಸತ್ಯಾಗ್ರಹ ಮುಂದಕ್ಕೆ ಹಾಕುವುದು ಅಂತಾಯಿತು. ಇದು ಕಷ್ಟದ ಘಳಿಗೆ. ಸಾವಿರಾರು ಜನ ಜೈಲಿಗೆ ಸಿದ್ಧರಾಗಿ ನಿಂತಿದ್ದಾರೆ. ಮುಂದಾಳು ಬೇಡ ಅನ್ನಬೇಕು. ಅಂಬೇಡ್ಕರ್ ವೇದಿಕೆ ಹತ್ತಿ ಕಾರಣಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಜನರ ಸಿದ್ಧತೆಯನ್ನು ಕಡೆಗಣಿಸದೆ, ಸರ್ಕಾರವನ್ನು ಎದುರು ಹಾಕಿಕೊಳ್ಳಲು ಇದು ಸಮಯವಲ್ಲ ಅಂದರು. ಜನರ ಮುಖ ಬಾಡಿತು. ಆದರೂ ಒಪ್ಪಿದರು. ಎಲ್ಲರೂ ಮೆರವಣಿಗೆಯಲ್ಲಿ ಕೆರೆಯ ಸುತ್ತ ಒಂದು ಸುತ್ತು ಹಾಕಿ, ನೀರು ಮುಟ್ಟದೆ ವಾಪಸು ಬಂದರು.

ಇದನ್ನು ಸೋಲು ಅಂತ ಬರೆದವರಿದ್ದಾರೆ. ದಾವೆ ವರ್ಷಗಟ್ಟಲೆ ನಡೆಯಿತು. ಕಡೆಗೆ 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅಸ್ಪೃಶ್ಯರ ಪರ ತೀರ್ಪು ಕೊಟ್ಟಿತು. ಹತ್ತು ವರ್ಷ! ಕೂಲಿಗೆ ಬಂದವರು ಹತ್ತು ವರ್ಷ ಕಾಯುವುದಿಲ್ಲ. ಈ ಹತ್ತು ವರ್ಷದಲ್ಲಿ ಜನ ಸುಮ್ಮನೆ ಕೂರಲೂ ಇಲ್ಲ. 1930ರ ಮಾರ್ಚ್‌ನಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ಶುರುವಾಯಿತು. ಅದನ್ನು ವರ್ಷಗಟ್ಟಲೆ ಹೊತ್ತು ನಡೆಸಿದವರು ದಾದಾಸಾಹೇಬ ಗಾಯಕವಾಡ ಮತ್ತು ಅಲ್ಲಿನ ಕಾರ್ಯಕರ್ತರು. ಅಂಬೇಡ್ಕರ್ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿನಲ್ಲಿದ್ದಾಗಲೂ ನಾಸಿಕ ಬೂದಿಯಾಗಲಿಲ್ಲ. ಮುಂದಾಳಿನ ಕೆಲಸ ಗೆದ್ದಿದೆಯೋ ಇಲ್ಲವೋ ಅಂತ ನೋಡಬೇಕಾದದ್ದು ಅವನು ಊರಲ್ಲಿಲ್ಲದ ದಿನ.

ಸೀರೆಯ ನೆರಿಗೆ

ಮಹಾಡಿನ ಡಿಸೆಂಬರ್ ಪರಿಷತ್ತಿನ ಕೊನೆಯಲ್ಲಿ ಅಂಬೇಡ್ಕರ್ ಹೆಂಗಸರ ಸಭೆಯಲ್ಲಿ ಮಾತಾಡಿದ್ದನ್ನು ಗಂಡಸರು ಬರೆದ ಚರಿತ್ರೆಗಳು ಬೇಗ ದಾಟಿಬಿಡುತ್ತವೆ. ಆಗ ಅಸ್ಪೃಶ್ಯ ಹೆಂಗಸರು ಸೀರೆಯನ್ನು ಮೊಣಕಾಲ ತನಕ ಎತ್ತಿ ಉಡುತ್ತಿದ್ದರು. ಕೈಕಾಲು ಕತ್ತಿನ ತುಂಬ ಅಗ್ಗದ ಲೋಹದ ಭಾರದ ಒಡವೆ. ನೋಡಿದ ಕೂಡಲೇ ಜಾತಿ ಗೊತ್ತಾಗಬೇಕು ಅನ್ನುವುದಕ್ಕೆ ಇವು ಗುರುತು. ಈ ಗುರುತನ್ನು ಕಳಚಿ ಅಂದರು. ಮನೆಯೊಳಗೆ ಸತ್ತ ದನದ ಮಾಂಸ ಬರಗೊಡಬೇಡಿ, ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಿ ಅಂದರು. ಮಾರನೆಯ ದಿನ ಊರಿಗೆ ಹೊರಟ ಹೆಂಗಸರು ಸೀರೆಯನ್ನು ಪಾದದ ತನಕ ಇಳಿಸಿ ಉಟ್ಟಿದ್ದರು.

ಕೆರೆಯ ಬಾಗಿಲು ಕೋರ್ಟಿನಲ್ಲಿ ಮುಚ್ಚಿತ್ತು. ಸೀರೆಯ ನೆರಿಗೆಗೆ ಯಾವ ಕೋರ್ಟಿನ ತಡೆಯಾಜ್ಞೆಯೂ ಇರಲಿಲ್ಲ. ಇದರಲ್ಲಿ ಸಂಘಟನೆಯ ಒಂದು ದೊಡ್ಡ ಗುಟ್ಟಿದೆ. ದೊಡ್ಡ ಗುರಿ ಹತ್ತು ವರ್ಷ ದೂರ ಇದ್ದಾಗ, ಇವತ್ತೇ ತನ್ನ ಕೈಯಿಂದ ಮಾಡಬಹುದಾದ ಒಂದು ಕೆಲಸ ಮನುಷ್ಯನಿಗೆ ಬೇಕು. ಅದನ್ನು ಮಾಡಿ ಮುಗಿಸಿದಾಗ ನನ್ನಿಂದ ಆಗುತ್ತದೆ ಅನ್ನುವ ಧೈರ್ಯ ಬರುತ್ತದೆ. ಸೀರೆ ಇಳಿಸಿ ಉಟ್ಟು ಊರಿಗೆ ಕಾಲಿಟ್ಟವಳು ಸವರ್ಣೀಯರ ಕಣ್ಣನ್ನು ಒಬ್ಬಳೇ ಎದುರಿಸಬೇಕು. ಅಲ್ಲಿ ಅವಳ ಜೊತೆ ಅಂಬೇಡ್ಕರ್ ಇರಲಿಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ದಲಿತ ಹೆಂಗಸರದೇ ಅಖಿಲ ಭಾರತ ಪರಿಷತ್ತು ಕೂಡಿತು. ಅಧ್ಯಕ್ಷತೆ ಸುಲೋಚನಾಬಾಯಿ ಡೋಂಗ್ರೆಯವರದು. ಸಾವಿರಾರು ಹೆಂಗಸರು ಬಂದಿದ್ದರು. ಹದಿನೈದು ವರ್ಷದಲ್ಲಿ, ಕೇಳಲು ಕೂತವರು ವೇದಿಕೆ ಹತ್ತಿದ್ದರು.

ನಮ್ಮ ಕೇರಿಗಳ ಕಡೆಗೆ

ಈ ಚರಿತ್ರೆ ಬರೀ ಮರಾಠಿ ಸೀಮೆಯದಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರಗಳು ಇದರ ಒಳಗಿದ್ದವು. ಮಹಾಡಿಗೆ ಎರಡು ವರ್ಷ ಮೊದಲೇ, 1925ರಲ್ಲಿ, ನಿಪ್ಪಾಣಿಯಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಪ್ರಾಂತೀಯ ಬಹಿಷ್ಕೃತ ಪರಿಷತ್ತು ನಡೆದಿತ್ತು. 1937ರ ಚುನಾವಣೆಯಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಜಿಲ್ಲೆಯಲ್ಲಿ ಗೆದ್ದು ಬಂದ ಬಳವಂತರಾವ್ ವರಾಳೆ ಇಲ್ಲಿಯ ಮಣ್ಣಲ್ಲಿ ಬೆಳೆದ ಕಾರ್ಯಕರ್ತ.

ಆಮೇಲಿನ ಕಥೆ ನಮ್ಮ ಕಾಲಕ್ಕೆ ಹತ್ತಿರದ್ದು. 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ಗಲಭೆ ಎದ್ದು ದಲಿತ ವಿದ್ಯಾರ್ಥಿಗಳು ಏಟು ತಿಂದರು. ಮಂತ್ರಿ ಕುರ್ಚಿ ಹೋಯಿತು. ಆದರೆ ಹಾಸ್ಟೆಲ್ಲುಗಳಲ್ಲಿ ಚದುರಿ ಕೂತಿದ್ದ ಹುಡುಗರು ಒಬ್ಬರನ್ನೊಬ್ಬರು ಕಂಡುಕೊಂಡರು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದು ಬೆಳೆದದ್ದು ಶಿಬಿರಗಳಲ್ಲಿ, ಹಾಡುಗಳಲ್ಲಿ. ಸಿದ್ಧಲಿಂಗಯ್ಯನವರ ಹಾಡುಗಳನ್ನು ಅಕ್ಷರ ಬಾರದವರು ಕಲಿತು, ತಮ್ಮದೇ ಹಾಡು ಅಂತ ಕೇರಿ ಕೇರಿಗೆ ಒಯ್ದರು. ಯಾರೂ ಅವರಿಗೆ ದಿನಗೂಲಿ ಕೊಡಲಿಲ್ಲ. ಕೃಷ್ಣಪ್ಪನವರು 1997ರಲ್ಲಿ ತೀರಿಕೊಂಡರು. ಸಮಿತಿ ಬಣಗಳಾಗಿ ಒಡೆಯಿತು. ಒಡೆದದ್ದಕ್ಕೆ ರಾಜಕೀಯದ ಕಾರಣಗಳು ಹಲವಾರಿವೆ, ಅವನ್ನು ಬೇರೆಯೇ ಬರೆಯಬೇಕು. ಆದರೆ ಒಂದು ಮಾತನ್ನು ಇಲ್ಲೇ ಹೇಳಬಹುದು. ಕಾರ್ಯಕರ್ತನಿಗೆ ಕಾರಣ ತಿಳಿಸುವ ಶಿಬಿರಗಳು ಕಡಿಮೆಯಾಗಿ, ಅವನಿಗೆ ಹಾರ ಹಿಡಿಯುವ, ಕುರ್ಚಿ ಹಾಕುವ, ಫ್ಲೆಕ್ಸ್ ಕಟ್ಟುವ ಕೆಲಸ ಹೆಚ್ಚಾದ ಕಡೆಯಲ್ಲೆಲ್ಲ ಸಂಘಟನೆ ಒಳಗಿನಿಂದ ಟೊಳ್ಳಾಗಿದೆ. ಓಡಾಡಿಸಿಕೊಂಡು ಮಿಕ್ಕದ್ದನ್ನು ಹಂಚುವುದು ಹಳೆಯ ವತನದ ಕ್ರಮ. ಅದು ನಮ್ಮವರದೇ ಕಚೇರಿಯಲ್ಲಿ ನಡೆದರೂ ವತನವೇ.

ಬಾಬಾಸಾಹೇಬರು ಇದನ್ನು ಮುಂಚೆಯೇ ಕಂಡಿದ್ದರು. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾತಾಡುತ್ತ, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದರು. ಅವರ ಫೋಟೋಗೆ ಹಾರ ಹಾಕಿ ಅವರ ಈ ಮಾತನ್ನು ಮರೆಯುವುದು ಅವರಿಗೆ ಮಾಡುವ ದೊಡ್ಡ ಅವಮಾನ.

ಡಿಗ್ರಿ ಹಿಡಿದು ಕೇರಿಯಿಂದ ಹೊರಬಂದ ಮೊದಲ ತಲೆಮಾರಿನವರಾದ ನಮ್ಮಂಥವರಿಗೆ, ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ, ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆ ಇದೆ. ಕೇರಿಗೆ ವಾಪಸು ಹೋದಾಗ ಎಲ್ಲವನ್ನೂ ಹೇಳಿಕೊಡುವ ಆತುರ ನಮಗೆ. ಅರ್ಜಿ ನಾವೇ ಬರೆಯುತ್ತೇವೆ, ಕಚೇರಿಯಲ್ಲಿ ನಾವೇ ಮಾತಾಡುತ್ತೇವೆ, ಕೆಲಸ ಆದರೆ ನಮ್ಮಿಂದ ಆಯಿತು ಅನ್ನಿಸಿಕೊಳ್ಳುತ್ತೇವೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಮುಂದಿನ ಸಲ ಕೇರಿಯವರು ನಮ್ಮ ದಾರಿ ಕಾಯುತ್ತಾ ಕೂರುತ್ತಾರೆ.

ಆದ್ದರಿಂದ ಸಂಗಾತಿಗಳೇ, ಮುಂದಿನ ಸಭೆಯನ್ನು ಕೇರಿಯ ಜಗಲಿಯ ಮೇಲೆ ಕರೆಯೋಣ. ಸ್ಮಶಾನದ ಜಾಗದ್ದೋ, ಗೋಮಾಳದ್ದೋ, ಕುಡಿಯುವ ನೀರಿನದೋ, ಅಲ್ಲಿ ಉರಿಯುತ್ತಿರುವ ಪ್ರಶ್ನೆ ಯಾವುದು ಅಂತ ಮೊದಲು ಕೇಳಿಸಿಕೊಳ್ಳೋಣ. ಏನು ಕಷ್ಟ ಬರಬಹುದು ಅನ್ನುವುದನ್ನು ಮುಚ್ಚಿಡದೆ ಹೇಳೋಣ. ಹೋಗಬೇಕೋ ಬೇಡವೋ ಅನ್ನುವುದನ್ನು ಅವರೇ ತೀರ್ಮಾನಿಸಲಿ, ಹೆಸರು ಅವರೇ ಬರೆಸಲಿ, ಅರ್ಜಿಯನ್ನು ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬರೆಯಲಿ. ಕಚೇರಿಯಲ್ಲಿ ಮಾತಾಡುವುದು ಆ ಹುಡುಗಿಯ ಅವ್ವನಾಗಲಿ. ಏಟು ಬೀಳುವ ದಿನ ನಾವು ಮುಂದೆ ನಿಲ್ಲೋಣ, ಉಳಿದ ದಿನ ಪಕ್ಕದಲ್ಲಿ ಕೂರೋಣ.